ವಿರೋಧ ಪಕ್ಷದ ನಾಯಕನ ಕುರ್ಚಿ: ಕೊಡುವವರು ಮೂವರು, ಕೂರುವವರು ಒಬ್ಬರು

2023ರ ಜುಲೈ 7ರಂದು ಸಿದ್ದರಾಮಯ್ಯ ತಮ್ಮ 14ನೇ ಬಜೆಟ್ ಮಂಡಿಸಿದಾಗ ಕರ್ನಾಟಕ ವಿಧಾನಸಭೆಯಲ್ಲಿ ವಿರೋಧ ಪಕ್ಷವಿತ್ತು, ಆದರೆ ವಿರೋಧ ಪಕ್ಷದ ನಾಯಕ ಇರಲಿಲ್ಲ. ಚುನಾವಣೆ ಫಲಿತಾಂಶ ಬಂದು ಎರಡು ತಿಂಗಳಾಗುತ್ತ ಬಂದಿತ್ತು. 66 ಶಾಸಕರಿದ್ದ ಬಿಜೆಪಿ ಇನ್ನೂ ಒಂದು ಹೆಸರು ಅಂತಿಮಗೊಳಿಸಿರಲಿಲ್ಲ. ಆ ಅಧಿವೇಶನ ಹಾಗೆಯೇ ಮುಗಿಯಿತು. ಆರ್. ಅಶೋಕ ಅವರ ಹೆಸರು ಹೊರಬಿದ್ದದ್ದು ನವೆಂಬರ್ 17ರಂದು, ಬೆಳಗಾವಿ ಅಧಿವೇಶನ ಹೊಸ್ತಿಲಿಗೆ ಬಂದ ಮೇಲೆ. ಅಂದರೆ ಹೆಚ್ಚುಕಮ್ಮಿ ಆರು ತಿಂಗಳು ಕುರ್ಚಿ ಖಾಲಿ.

ನಾಯಕನಿಲ್ಲದೆಯೂ ಬಜೆಟ್‌ಗೆ ಒಪ್ಪಿಗೆ ಸಿಕ್ಕಿತು, ಮಸೂದೆಗಳು ಪಾಸಾದವು, ಗದ್ದಲವೂ ಆಯಿತು. ಉಪಸಭಾಧ್ಯಕ್ಷರ ಪೀಠದತ್ತ ಕಾಗದ ಹರಿದು ಎಸೆದರೆಂದು ಜುಲೈ 19ರಂದು ಬಿಜೆಪಿಯ 10 ಶಾಸಕರು ಅಮಾನತಾದರು. ಮಾನ್ಯತೆ ಪಡೆದ ನಾಯಕರೊಬ್ಬರು ಇದ್ದಿದ್ದರೆ ಸ್ಪೀಕರ್ ಕೊಠಡಿಯಲ್ಲಿ ಕೂತು ಮಾತಾಡಿ ಬಗೆಹರಿಸುತ್ತಿದ್ದರು ಎಂದು ಆಗ ಅನ್ನಿಸಿದ್ದು ಸಹಜ. ಆದರೆ 2025ರ ಮಾರ್ಚ್‌ನಲ್ಲಿ ನಾಯಕರು ಇದ್ದಾಗಲೇ ಅದೇ ಪಕ್ಷದ 18 ಶಾಸಕರು ಆರು ತಿಂಗಳ ಮಟ್ಟಿಗೆ ಅಮಾನತಾದರು (ಮೇ ತಿಂಗಳಲ್ಲಿ ಆ ಆದೇಶ ವಾಪಸಾಯಿತು). ಹಾಗಾಗಿ ಸದನದ ಶಿಸ್ತಿಗೆ ಈ ಹುದ್ದೆಯೇ ಮದ್ದು ಎನ್ನಲು ಬರುವುದಿಲ್ಲ. ಮತ್ತೆ ಇದು ಯಾಕೆ ಬೇಕು? ಸಂಪುಟ ದರ್ಜೆ, ಕಾರು, ಬಂಗಲೆ, ಸಿಬ್ಬಂದಿ ಎಲ್ಲವನ್ನೂ ಜನರ ದುಡ್ಡಿನಲ್ಲೇ ಕೊಟ್ಟು ಸರ್ಕಾರವನ್ನು ಬೈಯಲೆಂದೇ ಒಬ್ಬರನ್ನು ಇಟ್ಟುಕೊಳ್ಳುವುದರ ತರ್ಕ ಏನು?

ಈ ಹುದ್ದೆಯ ಮೂಲ ಬ್ರಿಟನ್ನಿನದು. 'ದೊರೆಯ ವಿರೋಧ ಪಕ್ಷ' ಎಂಬ ಮಾತು ಅಲ್ಲಿನ ಸಂಸತ್ತಿನಲ್ಲಿ ಮೊದಲು ಕೇಳಿಸಿದ್ದು 1826ರಲ್ಲಿ, ಅದೂ ಅರ್ಧ ತಮಾಷೆಯಾಗಿ. ಸರ್ಕಾರವನ್ನು ವಿರೋಧಿಸುವುದು ರಾಜದ್ರೋಹವಲ್ಲ, ಅದೂ ರಾಜ್ಯದ ಕೆಲಸವೇ ಎಂಬ ಭಾವನೆ ನಿಧಾನವಾಗಿ ಬೇರೂರಿತು. ಆ ಕೆಲಸಕ್ಕೆ ಸರ್ಕಾರದ ಸಂಬಳ ಕೊಡಲು ಶುರು ಮಾಡಿದ್ದು ಮಾತ್ರ ಬ್ರಿಟನ್ ಅಲ್ಲ, ಕೆನಡಾ, 1905ರಲ್ಲಿ. ಬ್ರಿಟನ್ 1937ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ಸಂಸತ್ತು ಕಾಯ್ದೆ ಮಾಡಿದ್ದು 1977ರಲ್ಲಿ, ತುರ್ತು ಪರಿಸ್ಥಿತಿ ಮುಗಿದ ಬೆನ್ನಿಗೇ. ವಿರೋಧ ಪಕ್ಷದ ಮುಖಂಡರನ್ನು ಜೈಲಿಗೆ ಕಳಿಸಿದ್ದ ವ್ಯವಸ್ಥೆಯೇ, ಅದಾದ ಸ್ವಲ್ಪ ದಿನಕ್ಕೆ, ಅವರಿಗೆ ಸಚಿವರ ಸರಿಸಮ ಸ್ಥಾನ ಕೊಟ್ಟಿತು.

ಇಲ್ಲೊಂದು ಸಂಗತಿ ಗಮನಿಸಬೇಕು. ಮುಖ್ಯಮಂತ್ರಿ, ಸ್ಪೀಕರ್, ಅಡ್ವೊಕೇಟ್ ಜನರಲ್ ಎಲ್ಲರಿಗೂ ಸಂವಿಧಾನದಲ್ಲಿ ಒಂದೊಂದು ವಿಧಿ ಇದೆ. ರಾಜ್ಯದ ವಿರೋಧ ಪಕ್ಷದ ನಾಯಕನ ಹುದ್ದೆಯನ್ನು ಹುಟ್ಟುಹಾಕುವ ವಿಧಿ ಅದರಲ್ಲಿಲ್ಲ. ಸಂಬಳ ಭತ್ಯೆಯ ಕಾಯ್ದೆಗಳು, ಸದನದ ನಡಾವಳಿ, ರೂಢಿ ಇವೆಲ್ಲ ಸೇರಿ ಈ ಹುದ್ದೆಯನ್ನು ನಿಲ್ಲಿಸಿವೆ. ಕಾಯ್ದೆಯ ವ್ಯಾಖ್ಯೆ ಸರಳ: ಸರ್ಕಾರಕ್ಕೆ ವಿರೋಧವಾಗಿರುವ ಪಕ್ಷಗಳಲ್ಲಿ ಹೆಚ್ಚು ಸದಸ್ಯರಿರುವ ಪಕ್ಷದ ನಾಯಕ, ಮತ್ತು ಸ್ಪೀಕರ್ ಹಾಗೆಂದು ಮಾನ್ಯ ಮಾಡಿದವರು. ಮತದಾರ ಸಂಖ್ಯೆ ಕೊಡಬೇಕು, ಪಕ್ಷ ಹೆಸರು ಕೊಡಬೇಕು, ಸ್ಪೀಕರ್ ಮಾನ್ಯತೆ ಕೊಡಬೇಕು. ಮೂವರಲ್ಲಿ ಯಾರೊಬ್ಬರು ಕೈಕೊಟ್ಟರೂ ಕುರ್ಚಿ ಖಾಲಿ.

2023ರಲ್ಲಿ ಕೈಕೊಟ್ಟದ್ದು ಪಕ್ಷ. ಕಾಂಗ್ರೆಸ್ಸಿನವರು ಆಗ ಸಾಕಷ್ಟು ಲೇವಡಿ ಮಾಡಿದರು. ಆದರೆ 2019ರಲ್ಲಿ ಮೈತ್ರಿ ಸರ್ಕಾರ ಬಿದ್ದ ಮೇಲೆ ಅವರ ಹೈಕಮಾಂಡ್ ಕೂಡ ಸಿದ್ದರಾಮಯ್ಯ ಅವರ ಹೆಸರು ಹೇಳಲು ಅಕ್ಟೋಬರ್‌ವರೆಗೆ ಎಳೆದಿತ್ತು. ಆ ವರ್ಷ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದ್ದಾಗ ಒಂದು ಕಡೆ ಸಚಿವರೇ ಇಲ್ಲದ ಮುಖ್ಯಮಂತ್ರಿ, ಇನ್ನೊಂದು ಕಡೆ ಅಧಿಕೃತ ನಾಯಕನಿಲ್ಲದ ವಿರೋಧ ಪಕ್ಷ. ದೆಹಲಿಯ ಕಡೆ ಮುಖ ಮಾಡಿ ಕಾಯುವುದರಲ್ಲಿ ನಮ್ಮ ಪಕ್ಷಗಳಲ್ಲಿ ಭೇದವಿಲ್ಲ.

ಸಂಖ್ಯೆಯ ತೊಡಕಿಗೆ 2013ರ ಚುನಾವಣೆಗಿಂತ ಚಂದದ ಉದಾಹರಣೆ ಸಿಗದು. ಕಾಂಗ್ರೆಸ್ 122 ಸ್ಥಾನ ಗೆದ್ದು ಸರ್ಕಾರ ರಚಿಸಿತು. ಬಿಜೆಪಿಗೆ 40, ಜೆಡಿಎಸ್‌ಗೂ 40! ಹೆಚ್ಚು ಸದಸ್ಯರಿರುವ ಪಕ್ಷ ಯಾವುದು ಎಂಬ ಪ್ರಶ್ನೆಗೆ ಎಣಿಕೆಯಲ್ಲಿ ಉತ್ತರವಿಲ್ಲ. ಸ್ಪೀಕರ್ ಕಾಗೋಡು ತಿಮ್ಮಪ್ಪ ಅವರು ಎಚ್.ಡಿ. ಕುಮಾರಸ್ವಾಮಿ ಅವರನ್ನು ಮಾನ್ಯ ಮಾಡಿದರು. ಕೆಲವೇ ತಿಂಗಳಲ್ಲಿ, 2014ರ ಜನವರಿಯಲ್ಲಿ, ಯಡಿಯೂರಪ್ಪ ಕಟ್ಟಿದ್ದ ಕೆಜೆಪಿ ಬಿಜೆಪಿಯಲ್ಲಿ ಲೀನವಾಗಿ ಲೆಕ್ಕ ಬದಲಾಯಿತು. ಕುಮಾರಸ್ವಾಮಿ ಎದ್ದರು, ಜಗದೀಶ ಶೆಟ್ಟರ್ ಕೂತರು. ಚುನಾವಣೆಯೇ ನಡೆಯದೆ, ಒಂದೂ ಮತ ಬೀಳದೆ ವಿರೋಧ ಪಕ್ಷದ ನಾಯಕ ಬದಲಾಗಿದ್ದರು.

ಶೇ 10ರ ಲೆಕ್ಕ ಎಲ್ಲಿಂದ ಬಂತು?

ಸದನದ ಹತ್ತನೇ ಒಂದು ಭಾಗದಷ್ಟು ಸದಸ್ಯರಿಲ್ಲದಿದ್ದರೆ ಈ ಸ್ಥಾನ ಸಿಗದು ಎಂದು ಸುದ್ದಿಗಳಲ್ಲಿ ಪದೇ ಪದೇ ಓದುತ್ತೇವೆ. 1977ರ ಕಾಯ್ದೆಯನ್ನು ಎಷ್ಟು ಹುಡುಕಿದರೂ ಆ ಶೇ 10 ಸಿಗುವುದಿಲ್ಲ. ಅದು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅವರ ಕಾಲದ ರೂಢಿ. ಸದನದಲ್ಲಿ ಒಂದು ಗುಂಪನ್ನು ಪಕ್ಷವೆಂದು ಗುರುತಿಸಿ ಕೊಠಡಿ, ಆಸನ, ಮಾತಿನ ಸಮಯ ಕೊಡಲು ಕನಿಷ್ಠ ಸಭೆ ನಡೆಸಲು ಬೇಕಾದ ಕೋರಂನಷ್ಟು, ಅಂದರೆ ಹತ್ತನೇ ಒಂದು ಭಾಗದಷ್ಟು, ಸದಸ್ಯರಿರಬೇಕು ಎಂದು ಅವರು ಗೊತ್ತುಮಾಡಿದ್ದರು. ನೆಹರೂ ಕಾಲದಲ್ಲಿ ಯಾವ ಪಕ್ಷವೂ ಆ ಗೆರೆ ದಾಟಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದು ಒಂದು ಹೋಳು ಎದುರು ಬದಿಗೆ ಹೋಗಿ ಕೂತಾಗಲೇ ರಾಮ್ ಸುಭಗ್ ಸಿಂಗ್ ಲೋಕಸಭೆಯ ಮೊದಲ ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರಾದರು.

ಹಾಗಾದರೆ ಶೇ 10 ಕಾನೂನೋ, ಬರೀ ರೂಢಿಯೋ? ಸ್ಪೀಕರ್‌ಗೆ ಬೇಕಾದಾಗ ಅದು ಕಾನೂನು, ಬೇಡವಾದಾಗ ರೂಢಿ. ಕಹಿಯಾದರೂ ಇದೇ ನಿಜ. 2015ರಲ್ಲಿ 70 ಸ್ಥಾನಗಳ ದೆಹಲಿ ವಿಧಾನಸಭೆಯಲ್ಲಿ ಬಿಜೆಪಿಗಿದ್ದದ್ದು ಮೂವರೇ ಶಾಸಕರು. ಆದರೂ ಆಮ್ ಆದ್ಮಿ ಪಕ್ಷದ ಸ್ಪೀಕರ್, ಬಿಜೆಪಿಯ ವಿಜೇಂದರ್ ಗುಪ್ತಾ ಅವರಿಗೆ ಸ್ಥಾನ ಕೊಟ್ಟರು. 2022ರ ಚುನಾವಣೆ ನಂತರ 182 ಸ್ಥಾನಗಳ ಗುಜರಾತಿನಲ್ಲಿ ಕಾಂಗ್ರೆಸ್ಸಿಗೆ 17 ಸ್ಥಾನ, ಅಂದರೆ ಗೆರೆಗೆ ಎರಡು ಕಡಿಮೆ. ಸ್ಥಾನ ಸಿಗಲಿಲ್ಲ. 2024ರಲ್ಲಿ ಆಂಧ್ರದ 175ರಲ್ಲಿ 11 ಗೆದ್ದ ಜಗನ್ ಮೋಹನ್ ರೆಡ್ಡಿ ಅವರಿಗೂ ಸಿಗಲಿಲ್ಲ, ಅವರು ಹೈಕೋರ್ಟ್ ಮೆಟ್ಟಿಲೇರಿದರು. ಮೂರು ವಿಧಾನಸಭೆ, ಮೂರು ಆಡಳಿತ ಪಕ್ಷ. ಸ್ಪೀಕರ್ ಪಕ್ಷಾತೀತ ಎಂಬುದು ನಮ್ಮಲ್ಲಿ ಪ್ರಮಾಣವಚನದ ಸಂಜೆಗೇ ಮುಗಿಯುವ ಮಾತಾಗಿರುವಾಗ, ಎದುರಾಳಿಗೆ ಮಾನ್ಯತೆ ಕೊಡುವ ಅಧಿಕಾರವನ್ನು ಪೂರ್ತಿ ಅವರ ಕೈಗೇ ಬಿಟ್ಟಿರುವುದು ಈ ವ್ಯವಸ್ಥೆಯ ದೊಡ್ಡ ದೋಷ ಎಂದೇ ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಈ ಜಗಳ ಬಂದಿಲ್ಲ, ಆದರೆ ಹತ್ತಿರ ಬಂದು ಹೋಗಿದೆ. 1972ರಲ್ಲಿ 216 ಸ್ಥಾನಗಳಲ್ಲಿ ಸಂಸ್ಥಾ ಕಾಂಗ್ರೆಸ್ (1969ರಲ್ಲಿ ಒಡೆದು ಎದುರು ಬದಿಗೆ ಹೋದ ಆ ಹೋಳು) ಗೆದ್ದದ್ದು 24. 1989ರಲ್ಲಿ ವೀರೇಂದ್ರ ಪಾಟೀಲರ ಕಾಂಗ್ರೆಸ್ 178 ಬಾಚಿಕೊಂಡಾಗ ಜನತಾ ದಳಕ್ಕೆ ಉಳಿದದ್ದು, ಮತ್ತೆ, 24. ಎರಡು ಸಲವೂ ಗೆರೆಯಿಂದ ಒಂದೆರಡು ಹೆಜ್ಜೆ ಆಚೆ.

ಸದನದೊಳಗೆ ಕೆಲಸ

ಸ್ಪೀಕರ್ ಪೀಠದ ಎಡಬದಿಯ ಮುಂದಿನ ಸಾಲಿನಲ್ಲಿ ಕೂರುವ ಈ ವ್ಯಕ್ತಿಗೆ ಒಂದು ಕಡತಕ್ಕೂ ಸಹಿ ಹಾಕುವ ಅಧಿಕಾರವಿಲ್ಲ. ಇರುವುದು ಮಾತಿನ ಹಕ್ಕು. ಉಳಿದ ಶಾಸಕರು ಕೈ ಎತ್ತಿ, ಚೀಟಿ ಕೊಟ್ಟು, ಸ್ಪೀಕರ್ ಕಣ್ಣಿಗೆ ಬೀಳಲು ಹೆಣಗುವಾಗ ಇವರು ಎದ್ದು ನಿಂತರೆ ಸಾಮಾನ್ಯವಾಗಿ ಮೈಕ್ ಇವರಿಗೆ. ಬಜೆಟ್ ಮೇಲಿನ ಚರ್ಚೆ ಇರಲಿ, ರಾಜ್ಯಪಾಲರ ಭಾಷಣದ ವಂದನಾ ನಿರ್ಣಯ ಇರಲಿ, ವಿರೋಧ ಪಕ್ಷದ ಮುಖ್ಯ ಭಾಷಣ ಇವರದು. ಮುಖ್ಯಮಂತ್ರಿ ಉತ್ತರ ಕೊಡುವಾಗ ಹೆಚ್ಚಾಗಿ ಇವರ ಹೆಸರು ಹೇಳಿಯೇ ಕೊಡುತ್ತಾರೆ. ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂದು ತೀರ್ಮಾನಿಸುವ ಕಾರ್ಯಕಲಾಪ ಸಲಹಾ ಸಮಿತಿಯಲ್ಲೂ ಇವರ ಮಾತಿಗೆ ತೂಕ.

ಇದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕಾದರೆ ನಿಯಮ 60 ಮತ್ತು ನಿಯಮ 69ರ ಆಟ ನೋಡಬೇಕು. ವಿಧಾನಸಭೆಯ ಕಾರ್ಯವಿಧಾನ ನಿಯಮಾವಳಿಯ 60ನೇ ನಿಯಮದಡಿ ನಿಲುವಳಿ ಸೂಚನೆ ಕೊಡಬಹುದು: ಇವತ್ತಿನ ಎಲ್ಲ ಕಲಾಪ ಬದಿಗಿಟ್ಟು ಈ ತುರ್ತು ವಿಷಯ ಚರ್ಚಿಸಿ ಎಂಬ ಕೋರಿಕೆ. ಪ್ರಶ್ನೋತ್ತರ ಮುಗಿಯುತ್ತಿದ್ದಂತೆ ನಾಯಕರು ಎದ್ದು ನಿಲ್ಲುತ್ತಾರೆ. ಇದನ್ನು ಏಕೆ ಒಪ್ಪಬೇಕು ಎಂದು ಪ್ರಾಥಮಿಕವಾಗಿ ನಾಲ್ಕು ಮಾತು ಹೇಳಲು ಸ್ಪೀಕರ್ ಬಿಡುತ್ತಾರೆ. ಆ ನಾಲ್ಕು ಮಾತು ಅರ್ಧ ಗಂಟೆಯಾಗುತ್ತದೆ, ಅಂಕಿಅಂಶ ಬರುತ್ತದೆ, ದಾಖಲೆ ತೋರಿಸುತ್ತಾರೆ, ಆಡಳಿತ ಪಕ್ಷದವರು ಎದ್ದು 'ಇದು ಪ್ರಾಥಮಿಕ ಪ್ರಸ್ತಾಪವೋ, ಪೂರ್ತಿ ಭಾಷಣವೋ' ಎಂದು ಕೂಗುತ್ತಾರೆ. ಕೊನೆಗೆ ಸ್ಪೀಕರ್ 'ನಿಲುವಳಿ ಬೇಡ, ನಿಯಮ 69ಕ್ಕೆ ಪರಿವರ್ತಿಸಿ ಚರ್ಚೆಗೆ ಕೊಡುತ್ತೇನೆ' ಎನ್ನುತ್ತಾರೆ. ನಿಲುವಳಿಯಾಗಿಯೇ ಒಪ್ಪಿಕೊಂಡರೆ ಅದು ಸರ್ಕಾರಕ್ಕೆ ಛೀಮಾರಿ ಹಾಕಿದಂತೆ. 69ರಲ್ಲಿ ಮತಕ್ಕೆ ಹಾಕುವ ಪ್ರಶ್ನೆಯಿಲ್ಲ, ಬರೀ ಚರ್ಚೆ ಮತ್ತು ಸರ್ಕಾರದ ಉತ್ತರ. ಸರ್ಕಾರದ ಮುಖ ಉಳಿಯಿತು, ವಿರೋಧ ಪಕ್ಷಕ್ಕೆ ಚರ್ಚೆ ಸಿಕ್ಕಿತು. ಮರುದಿನದ ಪತ್ರಿಕೆಯ ಮುಖಪುಟಕ್ಕೆ ಬೇಕಾದದ್ದು ಆ ಅರ್ಧ ಗಂಟೆಯಲ್ಲೇ ದಾಖಲಾಗಿರುತ್ತದೆ. ಹಳಬರು ಇದನ್ನು ಚೆನ್ನಾಗಿ ಬಲ್ಲರು. ಹೊಸಬರು ನೇರ ಸ್ಪೀಕರ್ ಪೀಠದ ಮುಂದಿನ ಬಾವಿಗೆ ಇಳಿದು ಘೋಷಣೆ ಕೂಗುತ್ತಾರೆ. ಕಲಾಪ ಮುಂದಕ್ಕೆ ಹೋಗುತ್ತದೆ, ಸಚಿವರು ಉತ್ತರ ಹೇಳದೆ ಪಾರಾಗುತ್ತಾರೆ.

ಸದನದ ಹೊರಗಿನ ಕೆಲಸ ಸದ್ದಿಲ್ಲದ್ದು. ಹಲವು ಸ್ವಾಯತ್ತ ಹುದ್ದೆಗಳಿಗೆ ನೇಮಕ ಮಾಡುವ ಸಮಿತಿಗಳಲ್ಲಿ ಕಾನೂನೇ ಇವರಿಗೊಂದು ಕುರ್ಚಿ ಹಾಕಿದೆ. ರಾಜ್ಯ ಮಾಹಿತಿ ಆಯುಕ್ತರನ್ನು ಆರಿಸುವವರು ಮುಖ್ಯಮಂತ್ರಿ, ಅವರೇ ಹೆಸರಿಸಿದ ಒಬ್ಬ ಸಂಪುಟ ಸಚಿವ ಮತ್ತು ವಿಧಾನಸಭೆಯ ವಿರೋಧ ಪಕ್ಷದ ನಾಯಕ. ಇಬ್ಬರ ಎದುರು ಒಬ್ಬ, ಫಲಿತಾಂಶ ಮೊದಲೇ ಗೊತ್ತು. ಆದರೂ ಒಬ್ಬ ಎದುರಾಳಿ ಕೂತಿದ್ದಾನೆ ಎಂಬ ಕಾರಣಕ್ಕೆ ಪಟ್ಟಿಯಲ್ಲಿ ತೀರಾ ಅಯೋಗ್ಯ ಹೆಸರು ಇಡಲು ಹಿಂಜರಿಕೆ ಇರುತ್ತದೆ, ಭಿನ್ನಾಭಿಪ್ರಾಯ ಕಡತದಲ್ಲಿ ಉಳಿಯುತ್ತದೆ. ಮಾನವ ಹಕ್ಕುಗಳ ಆಯೋಗದ ಆಯ್ಕೆ ಸಮಿತಿಯಲ್ಲಿ ನಮ್ಮಂತೆ ಎರಡು ಸದನವಿರುವ ರಾಜ್ಯಗಳಲ್ಲಿ ಪರಿಷತ್ತಿನ ವಿರೋಧ ಪಕ್ಷದ ನಾಯಕರೂ ಇರುತ್ತಾರೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿ ಸಮಿತಿ ಇಲ್ಲ, ಸಮಾಲೋಚನೆ ಇದೆ: ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಸ್ಪೀಕರ್, ಪರಿಷತ್ತಿನ ಸಭಾಪತಿ, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು ಇವರನ್ನೆಲ್ಲ ಕೇಳಿಯೇ ಮುಖ್ಯಮಂತ್ರಿ ರಾಜ್ಯಪಾಲರಿಗೆ ಹೆಸರು ಕಳಿಸಬೇಕು. ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದು ನ್ಯಾಯಮೂರ್ತಿ ಚಂದ್ರಶೇಖರಯ್ಯ ಅವರ ಉಪಲೋಕಾಯುಕ್ತ ನೇಮಕದಲ್ಲಿ ಗೊತ್ತಾಯಿತು. ಮುಖ್ಯ ನ್ಯಾಯಮೂರ್ತಿಯವರನ್ನು ಕೇಳಿರಲಿಲ್ಲವೆಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸಮಾಲೋಚನೆ ಕಡ್ಡಾಯ ಎಂದಿತು, ಜೊತೆಗೇ ಕೊನೆಯ ಮಾತು ಮುಖ್ಯಮಂತ್ರಿಯದೇ ಎಂದೂ ಹೇಳಿತು. ಕೇಳಲೇಬೇಕು, ಆದರೆ ಕೇಳಿದಂತೆ ಮಾಡಬೇಕಿಲ್ಲ.

ಈ ಕುರ್ಚಿ ಇದ್ದರೂ ಇಲ್ಲದಿದ್ದರೂ ಏನಾಗುತ್ತದೆ ಎಂಬುದನ್ನು ಎರಡೂ ಕಡೆಯಿಂದ ಅನುಭವಿಸಿದವರು ನಮ್ಮವರೇ ಆದ ಮಲ್ಲಿಕಾರ್ಜುನ ಖರ್ಗೆ. 90ರ ದಶಕದ ಕೊನೆಯಲ್ಲಿ, ಮತ್ತೆ 2008ರಲ್ಲಿ ವಿಧಾನಸೌಧದಲ್ಲಿ ವಿರೋಧ ಪಕ್ಷದ ನಾಯಕರು. 2014ರಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರು, ಆದರೆ ಪಕ್ಷಕ್ಕಿದ್ದದ್ದು 44 ಸ್ಥಾನ, ಬೇಕಿದ್ದದ್ದು 55, ಹಾಗಾಗಿ ಮಾನ್ಯತೆಯಿಲ್ಲ. ಲೋಕಪಾಲರ ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕ ಇರಬೇಕೆಂದು ಕಾಯ್ದೆ ಹೇಳುತ್ತಿತ್ತು, ಇಲ್ಲದಿದ್ದರೆ ಯಾರು ಎಂದು ಹೇಳಿರಲಿಲ್ಲ. ಖರ್ಗೆಯವರನ್ನು 'ವಿಶೇಷ ಆಹ್ವಾನಿತ' ಎಂದು ಕರೆದರು. ಮತ ಹಾಕುವ ಹಕ್ಕಿಲ್ಲದ ಕುರ್ಚಿಯಲ್ಲಿ ಕೂರಲಾರೆ ಎಂದು ಅವರು ಸಭೆಗಳಿಗೆ ಹೋಗಲೇ ಇಲ್ಲ, ದೇಶದ ಮೊದಲ ಲೋಕಪಾಲರ ಆಯ್ಕೆ ಅವರಿಲ್ಲದೆಯೇ ನಡೆಯಿತು. ಸಿಬಿಐ ನಿರ್ದೇಶಕರ ವಿಷಯ ಬೇರೆಯಾಗಿತ್ತು. ಅಲ್ಲಿ ಕಾಯ್ದೆ ತಿದ್ದಿ, ಮಾನ್ಯತೆ ಪಡೆದ ನಾಯಕನಿಲ್ಲದಿದ್ದರೆ ದೊಡ್ಡ ವಿರೋಧ ಪಕ್ಷದ ನಾಯಕ ಸಾಕು ಎಂದಾಗಿತ್ತು. ಹಾಗಾಗಿ 2019ರ ಜನವರಿಯಲ್ಲಿ ಅಲೋಕ್ ವರ್ಮಾ ಅವರನ್ನು ತೆಗೆಯುವ ತೀರ್ಮಾನವಾದಾಗ ಖರ್ಗೆ ಸಮಿತಿಯಲ್ಲಿದ್ದರು, ಲಿಖಿತವಾಗಿ ವಿರೋಧಿಸಿದರು, ಎರಡು-ಒಂದರಲ್ಲಿ ಸೋತರು. ಮಾಹಿತಿ ಹಕ್ಕು ಕಾಯ್ದೆ ಬರೆದವರು ಈ ತೊಡಕನ್ನು 2005ರಲ್ಲೇ ಊಹಿಸಿ ಇಂಥದೇ ಒಂದು ಸಾಲು ಸೇರಿಸಿದ್ದರು. ಎಲ್ಲ ಕಾಯ್ದೆಗಳಲ್ಲೂ ಆ ಒಂದು ಸಾಲು ಇದ್ದರೆ ಶೇ 10ರ ಜಗಳಕ್ಕೆ ಅರ್ಧ ಬೆಲೆಯೂ ಉಳಿಯುವುದಿಲ್ಲ. 2021ರಲ್ಲಿ ಖರ್ಗೆ ರಾಜ್ಯಸಭೆಯಲ್ಲಿ ಪೂರ್ಣ ಮಾನ್ಯತೆಯೊಂದಿಗೆ ಅದೇ ಹುದ್ದೆಗೆ ಬಂದರು.

ಬಳ್ಳಾರಿಗೆ ನಡೆದದ್ದು

ಖರ್ಗೆ 2009ರಲ್ಲಿ ಲೋಕಸಭೆಗೆ ಹೋದಾಗ ತೆರವಾದ ಜಾಗಕ್ಕೆ ಬಂದವರು ಸಿದ್ದರಾಮಯ್ಯ. ಜೆಡಿಎಸ್ ತೊರೆದು ಕಾಂಗ್ರೆಸ್ ಸೇರಿ ಮೂರೇ ವರ್ಷವಾಗಿತ್ತು. ಹಳೆಯ ಕಾಂಗ್ರೆಸ್ಸಿಗರ ಪಾಲಿಗೆ ಅವರಿನ್ನೂ ವಲಸಿಗರೇ. 2010ರ ಜುಲೈ ಅಧಿವೇಶನದಲ್ಲಿ ಅಕ್ರಮ ಗಣಿಗಾರಿಕೆ ಸದನವನ್ನು ನುಂಗಿತು. ಸಿಬಿಐ ತನಿಖೆ ಬೇಕೆಂದು ವಿರೋಧ ಪಕ್ಷಗಳ ಶಾಸಕರು ವಿಧಾನಸೌಧದೊಳಗೇ ಹಾಸಿಗೆ ಹಾಸಿ ಅಹೋರಾತ್ರಿ ಧರಣಿ ಮಾಡಿದರು. ಮಾತಿಗೆ ಮಾತು ಬೆಳೆದು ಬಳ್ಳಾರಿಯ ಗಣಿಧಣಿಗಳಾದ ರೆಡ್ಡಿ ಸಹೋದರರ ಕಡೆಯಿಂದ ಬಳ್ಳಾರಿಗೆ ಬನ್ನಿ ನೋಡೋಣ ಎಂಬ ಸವಾಲು ಬಂತು. ಸಿದ್ದರಾಮಯ್ಯ ಬರುತ್ತೇವೆ ಎಂದರು, ನಡೆದೇ ಬಂದರು. ಜುಲೈ 25ಕ್ಕೆ ಬೆಂಗಳೂರಿನಿಂದ ಹೊರಟ ಪಾದಯಾತ್ರೆ ಸುಮಾರು 320 ಕಿಲೋಮೀಟರ್ ಸವೆಸಿ ಆಗಸ್ಟ್ 9ಕ್ಕೆ ಬಳ್ಳಾರಿಯಲ್ಲಿ ಮುಗಿಯಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ, ತಿಂಗಳ ಕೊನೆಯ ದಿನ ಯಡಿಯೂರಪ್ಪ ರಾಜೀನಾಮೆ, 2013ರಲ್ಲಿ ಕಾಂಗ್ರೆಸ್ ಸರ್ಕಾರ.

ಸರ್ಕಾರ ಬಿದ್ದದ್ದು ಪಾದಯಾತ್ರೆಯಿಂದಲೇ ಎನ್ನುವುದು ಭಕ್ತರ ಮಾತು. ವರದಿ, ಬಿಜೆಪಿಯ ಒಡಕು, ಕೆಜೆಪಿ ಎಲ್ಲವೂ ಸೇರಿತ್ತು. ಆದರೆ ಸಿದ್ದರಾಮಯ್ಯ ಮುಖ್ಯಮಂತ್ರಿ ಕುರ್ಚಿಗೆ ಕಾಂಗ್ರೆಸ್ಸಿನೊಳಗೇ ಹಕ್ಕುದಾರರಾದದ್ದು ಆ 16 ದಿನಗಳಲ್ಲಿ. ಇದು ಈ ಹುದ್ದೆಯ ಇನ್ನೊಂದು ಮುಖ. ಅಧಿಕಾರಸ್ಥರ ಎದುರು ನಿಂತಂತೆ ಕಂಡರೂ ಅರ್ಧ ಯುದ್ಧ ತಮ್ಮ ಪಕ್ಷದೊಳಗೇ ನಡೆಯುತ್ತಿರುತ್ತದೆ. ಪಕ್ಷದ ರಾಜ್ಯಾಧ್ಯಕ್ಷ ಒಂದು ಕಡೆ, ಸದನದ ನಾಯಕ ಇನ್ನೊಂದು ಕಡೆ. ಬಳ್ಳಾರಿ ಯಾತ್ರೆ ನಡೆದಾಗ ಕೆಪಿಸಿಸಿ ಅಧ್ಯಕ್ಷರು ಆರ್.ವಿ. ದೇಶಪಾಂಡೆ, ಜನರ ನೆನಪಿನಲ್ಲಿ ಉಳಿದವರು ಸಿದ್ದರಾಮಯ್ಯ. 2022ರ ಮೇಕೆದಾಟು ಯಾತ್ರೆಯಲ್ಲಿ ತಿರುವುಮುರುವು: ಸಿದ್ದರಾಮಯ್ಯ ವಿರೋಧ ಪಕ್ಷದ ನಾಯಕರೇ, ಆದರೆ ಯಾತ್ರೆ ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್ ಅವರದು. 2024ರ ಆಗಸ್ಟ್‌ನಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ವಿಚಾರವಾಗಿ ಬಿಜೆಪಿ-ಜೆಡಿಎಸ್ ಮೈಸೂರಿಗೆ ನಡೆದಾಗಲೂ ಮುಂದಿದ್ದವರು ರಾಜ್ಯಾಧ್ಯಕ್ಷ ವಿಜಯೇಂದ್ರ. ನಾಯಕನ ಹೆಸರಿಗೆ ಪಕ್ಷಗಳು ತಿಂಗಳುಗಟ್ಟಲೆ ತಡಮಾಡುವುದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅವರು ಆರಿಸುತ್ತಿರುವುದು ಬರೀ ಸದನದ ವಾಗ್ಮಿಯನ್ನಲ್ಲ, ಮುಂದಿನ ಮುಖ್ಯಮಂತ್ರಿ ಅಭ್ಯರ್ಥಿಯನ್ನು. ಅಧ್ಯಕ್ಷರು ಯಾವ ಜಾತಿ, ನಾಯಕರು ಯಾವ ಜಾತಿ, ಯಾವ ಭಾಗ ಎಂಬ ತಕ್ಕಡಿ ಸರಿತೂಗದೆ ಪತ್ರ ಹೊರಬೀಳುವುದಿಲ್ಲ. 2023ರಲ್ಲಿ ವಿಜಯೇಂದ್ರ ಅಧ್ಯಕ್ಷರಾದ ಒಂದು ವಾರಕ್ಕೆ ಅಶೋಕ ಅವರ ಹೆಸರು ಬಂದದ್ದು ಕಾಕತಾಳೀಯವಲ್ಲ.

ಹಿಂದಿನವರನ್ನು ನೋಡಿದರೂ ಈ ಕುರ್ಚಿ ದಾಟಿ ಮೇಲೇರಿದವರೇ ಹೆಚ್ಚು. ದೇವರಾಜ ಅರಸು ಎದುರು 1972ರಲ್ಲಿ ಆ 24 ಜನರ ನಾಯಕರಾಗಿ ಕೂತವರು ಹೊಳೆನರಸೀಪುರದ ಎಚ್.ಡಿ. ದೇವೇಗೌಡ. ತುರ್ತು ಪರಿಸ್ಥಿತಿಯಲ್ಲಿ ಅವರು ಬೆಂಗಳೂರಿನ ಕೇಂದ್ರ ಕಾರಾಗೃಹ ಕಂಡರು. ಮುಖ್ಯಮಂತ್ರಿಯಾಗಲು 1994ರವರೆಗೆ ಕಾಯಬೇಕಾಯಿತು. ಅದೇ 1994ರಲ್ಲಿ 40 ಸ್ಥಾನ ಗೆದ್ದ ಬಿಜೆಪಿ ಮೊದಲ ಬಾರಿಗೆ ಮುಖ್ಯ ವಿರೋಧ ಪಕ್ಷವಾಗಿ, ದೇವೇಗೌಡರ ಎದುರಿನ ಕುರ್ಚಿಗೆ ಯಡಿಯೂರಪ್ಪ ಬಂದರು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ಮೊದಲು ಸ್ಪೀಕರ್, ಆಮೇಲೆ 80ರ ದಶಕದ ನಡುವೆ ವಿರೋಧ ಪಕ್ಷದ ನಾಯಕಿ. ಪೀಠದಿಂದ ಇಳಿದು ಎಡಬದಿಗೆ ಬಂದು ಕೂರುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಶೆಟ್ಟರ್ ಅವರದು ವಿಚಿತ್ರ ಪಯಣ: 1999ರಲ್ಲಿ ವಿರೋಧ ಪಕ್ಷದ ನಾಯಕ, 2012ರಲ್ಲಿ ಮುಖ್ಯಮಂತ್ರಿ, 2014ರಲ್ಲಿ ಮತ್ತೆ ವಿರೋಧ ಪಕ್ಷದ ನಾಯಕ.

ಇನ್ನು ವಿಧಾನ ಪರಿಷತ್ತು. ಅಲ್ಲಿಯೂ ಒಬ್ಬ ವಿರೋಧ ಪಕ್ಷದ ನಾಯಕ ಇರುತ್ತಾರೆ ಎಂಬುದು ಬಹಳ ಜನರಿಗೆ ನೆನಪೇ ಇರುವುದಿಲ್ಲ. ಆದರೆ ಪರಿಷತ್ತಿನ ಸದಸ್ಯರು ಸರದಿಯಂತೆ ನಿವೃತ್ತರಾಗುವುದರಿಂದ ಹೊಸ ಸರ್ಕಾರಕ್ಕೆ ಅಲ್ಲಿ ಬಹುಮತವೇ ಇರದಿರಬಹುದು. ಆಗ ವಿರೋಧ ಪಕ್ಷದ ನಾಯಕನ ಬಳಿ ಮಾತಿನ ಜೊತೆ ಮತವೂ ಇರುತ್ತದೆ. 2024ರ ಫೆಬ್ರುವರಿಯಲ್ಲಿ ಮುಜರಾಯಿ ದೇವಸ್ಥಾನಗಳ ಆದಾಯಕ್ಕೆ ಸಂಬಂಧಿಸಿದ ತಿದ್ದುಪಡಿ ಮಸೂದೆ ವಿಧಾನಸಭೆಯಲ್ಲಿ ಸಲೀಸಾಗಿ ಪಾಸಾಗಿ ಪರಿಷತ್ತಿಗೆ ಬಂತು. ಬಿಜೆಪಿ, ಜೆಡಿಎಸ್ ಒಟ್ಟಾಗಿ ಅದನ್ನು ಬೀಳಿಸಿದವು. ಆಗ ಅಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು ಕೋಟ ಶ್ರೀನಿವಾಸ ಪೂಜಾರಿ. ಆದರೆ ಸಂವಿಧಾನದ 197ನೇ ವಿಧಿಯ ಪ್ರಕಾರ ಪರಿಷತ್ತು ಮಸೂದೆಯನ್ನು ತಡೆಹಿಡಿಯಬಲ್ಲುದೇ ಹೊರತು ಕೊಲ್ಲಲಾರದು. ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿತು. ಪೂಜಾರಿಯವರು ಜೂನ್‌ನಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಲೋಕಸಭೆಗೆ ಹೋದರು. ಆ ಕುರ್ಚಿಗೆ ಛಲವಾದಿ ನಾರಾಯಣಸ್ವಾಮಿ ಅವರ ಹೆಸರು ಜುಲೈನಲ್ಲೇ ಬಂತು. ಈ ಸಲ ಆರು ತಿಂಗಳು ಹಿಡಿಯಲಿಲ್ಲ.